‘ನೀ ಯಾರು’ ಎಂದು ಕೇಳಬೇಡಿ

ಪ್ರಶ್ನೆ: ನನ್ನ ಮಗಳಿಗೆ 21 ವರ್ಷ. ಲಗ್ನದ ಮಾತು ಶುರುವಾದಾಗಿನಿಂದ ಒಮ್ಮೊಮ್ಮೆ ದನಿ ಬದಲಾಗಿ, ತಾನು ಬೇರೊಬ್ಬಾಕಿ ಅಂತಾಳ. ಆಮೇಲೆ ನೆನಪಿರೋದಿಲ್ಲ. ಅತ್ತೆಯವರು ಎಲ್ಲಮ್ಮ ಮೈಮೇಲೆ ಬಂದಾಳ, ಮುತ್ತು ಕಟ್ಟಿಸೂಣು ಅಂತಾರ. ಮಗ ಇದು ‘ಆಪ್ತಮಿತ್ರ’ ಸಿನಿಮಾದ ನಾಗವಲ್ಲಿ ರೋಗ ಅಂತಾನ. ಯಾರನ್ನ ನಂಬಲಿ?
– ಒಬ್ಬ ತಾಯಿ, ಸವದತ್ತಿ ತಾಲ್ಲೂಕು

ಉತ್ತರ: ಅಕ್ಕಾವರೆ, ಅಂಥ ಹೊತ್ತಿನಲ್ಲಿ ‘ನೀ ಯಾರು, ಯಾಕ ಬಂದೀ’ ಎಂದು ಯಾರೂ ಕೇಳದಂತೆ ಮೊದಲು ನೋಡಿಕೊಳ್ಳಿ. ಕೇಳಿದಷ್ಟೂ ಆ ಇನ್ನೊಬ್ಬಳಿಗೆ ಹೆಸರು, ಊರು, ಬೇಡಿಕೆ ಹುಟ್ಟಿಕೊಳ್ಳಬಹುದು. ಮನೋವೈದ್ಯರ ನಡುವಿನ ಹಳೆಯ ಜಗಳವೂ ಇದೇ. ನಿಮ್ಮ ಮಗ ಹೇಳುವ, ಒಬ್ಬರಲ್ಲೇ ಹಲವು ವ್ಯಕ್ತಿತ್ವ ಕಾಣುವ ಸ್ಥಿತಿಗೆ ಬಾಲ್ಯದ ತೀವ್ರ ಆಘಾತವೇ ಮೂಲ ಎನ್ನುತ್ತಾರೆ ಕೆಲವರು. ಸಿನಿಮಾ, ಪುಸ್ತಕ, ಚಿಕಿತ್ಸಕರ ಪ್ರಶ್ನೆಗಳೇ ಅದನ್ನು ಬೆಳೆಸುತ್ತವೆ ಎನ್ನುತ್ತಾರೆ ಉಳಿದವರು. ಅಮೆರಿಕದಲ್ಲಿ ಇಂಥದೇ ಕಥೆಯ 1973ರ ‘ಸಿಬಿಲ್’ ಪುಸ್ತಕದ ನಂತರ ಇಂಥ ರೋಗಿಗಳು ಒಮ್ಮೆಲೇ ಹೆಚ್ಚಿದರು. ಸಂಮೋಹನ ಮಾಡಿ ಕೆದಕಿದ, ಎಂದೂ ನಡೆಯದ ‘ನೆನಪು’ಗಳಿಂದ ಸಂಸಾರಗಳೂ ಒಡೆದವು. ಯಾರ ವಾದ ಗೆದ್ದರೂ ನಿಮ್ಮ ಮಗಳ ಸಂಕಟ ಸುಳ್ಳಲ್ಲ. ಅವಳು ನಾಟಕ ಮಾಡುತ್ತಿಲ್ಲ.

ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಮೈದುಂಬುವ ಭಕ್ತರನ್ನು ವೈದ್ಯಶಾಸ್ತ್ರ ರೋಗಿಗಳೆನ್ನುವುದಿಲ್ಲ. ಬೇಡವೆಂದರೂ ಬಂದು, ಓದು–ಕೆಲಸ ಕೆಡಿಸಿದರೆ ಮಾತ್ರ ಅದಕ್ಕೆ ಆರೈಕೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಈ ಮೈಮೇಲೆ ಬರುವಿಕೆಗೂ ನಿಮ್ಮ ಮಗ ಹೇಳುವ ಕಾಯಿಲೆಗೂ ಬೇರೆ ಬೇರೆ ಹೆಸರುಗಳಿವೆ. ಯಾವುದೆಂದು ಮೊಬೈಲ್ ನೋಡಿ ತೀರ್ಮಾನಿಸಲಾಗದು. ಫಿಟ್ಸ್ ಇದ್ದರೂ ಹೀಗೆ ಕಾಣಬಹುದು.

ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಅಲ್ಲಿ ವೈದ್ಯರೊಡನೆ ಅವಳೊಬ್ಬಳೇ ಮಾತಾಡಲಿ, ನೀವು ಹೊರಗೆ ಕೂಡ್ರಿ. ಲಗ್ನದ ಬಗ್ಗೆ ನಿಮ್ಮೆದುರು ಹೇಳಲಾಗದ್ದು ಏನಿದೆಯೋ! 2004ರ ಆ ಸಿನಿಮಾದಂತೆ ಒಂದೇ ರಾತ್ರಿಯ ನಾಟಕದಿಂದ ಇದು ವಾಸಿಯಾಗುವುದಿಲ್ಲ. ಇದನ್ನೇ ಗುಣಪಡಿಸುವ ಮಾತ್ರೆಯೂ ಇಲ್ಲ. ನಿದ್ದೆಗೆ, ಖಿನ್ನತೆಗೆ ಔಷಧ ಕೊಡಬಹುದು. ಉಳಿದದ್ದು ತಿಂಗಳುಗಟ್ಟಲೆಯ ಆಪ್ತಸಮಾಲೋಚನೆ. ಅಷ್ಟರೊಳಗೆ ಕಳವಳವಾದರೆ 14416 ಸಂಖ್ಯೆಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆಮಾಡಿ. ಹಗಲು–ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಎಲ್ಲಮ್ಮನಿಗೆ ಕೈಮುಗಿದು ಬನ್ನಿ, ಅಡ್ಡಿಯಿಲ್ಲ. ಆದರೆ ಮುತ್ತು ಕಟ್ಟಿಸುವ, ಅಂದರೆ ದೇವದಾಸಿಯಾಗಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತಕೂಡದು. ಕರ್ನಾಟಕದಲ್ಲಿ ಅದು ಕಾನೂನಿನ ಪ್ರಕಾರ ಅಪರಾಧ. ಲಗ್ನದ ಮಾತುಕತೆಯನ್ನೂ ಸದ್ಯ ನಿಲ್ಲಿಸಿರಿ, ಈ ವಾರವೇ ಧಾರವಾಡಕ್ಕೆ ಹೊರಡಿರಿ.