ಕೂಗಬೇಡ, ಕೇಳು

ತಂಗೀ, ಕಾಲೇಜಿನ ಯುವ ಸಂಸತ್ತಿನಲ್ಲಿ ನೀನು ವಿರೋಧ ಪಕ್ಷದವಳಾಗಿ ನಿಲ್ಲುತ್ತೀಯೆಂದು ನಿಮ್ಮವ್ವ ಹೇಳಿದಳು. ಬಹಳ ಸಂತೋಷವಾಯಿತು. ಆದರೆ ಪೀಠದ ಮುಂದೆ ನುಗ್ಗುವುದು, ಕಾಗದ ಹರಿದು ತೂರುವುದು, ಧಿಕ್ಕಾರ ಕೂಗುವುದು, ಇದನ್ನೇ ನಿಮ್ಮ ತಂಡ ತಾಲೀಮು ಮಾಡುತ್ತಿದೆಯಂತೆ. ಮೊಬೈಲಿನಲ್ಲಿ ನಿಮ್ಮ ಕಣ್ಣಿಗೆ ಬೀಳುವ ಸಂಸತ್ತು ಅಷ್ಟೇ, ಅದರಲ್ಲಿ ನಿಮ್ಮ ತಪ್ಪಿಲ್ಲ. ಆ ಗದ್ದಲದಿಂದ ಲಾಭ ಯಾರಿಗೆ ಅನ್ನುವುದನ್ನು ಮಾತ್ರ ಒಮ್ಮೆ ಯೋಚಿಸು.

ಲೋಕಸಭೆ ಬೆಳಿಗ್ಗೆ 11ಕ್ಕೆ ಸೇರುತ್ತದೆ. ಮೊದಲ ಒಂದು ತಾಸು ಪ್ರಶ್ನೋತ್ತರ ವೇಳೆ. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಇವಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ 230ಕ್ಕೆ ಲಿಖಿತ ಉತ್ತರ. ಎದ್ದು ನಿಂತ ಮಂತ್ರಿಗೆ ಸದಸ್ಯರು ಉಪಪ್ರಶ್ನೆ ಹಾಕಬಹುದು. ಮಂತ್ರಿಗಳು ಬೆವರುವುದು ಅಲ್ಲಿಯೇ, ಏಕೆಂದರೆ ಅದು ಯಾವ ಕಡೆಯಿಂದ ಬರುತ್ತದೆಂದು ಅವರಿಗೆ ಮೊದಲೇ ತಿಳಿದಿರುವುದಿಲ್ಲ. ಗದ್ದಲವೆದ್ದು ಸದನ ಮುಂದಕ್ಕೆ ಹೋಯಿತೋ, ಆ ಇಪ್ಪತ್ತಕ್ಕೂ ಬರೆದ ಉತ್ತರ ಮೇಜಿನ ಮೇಲೆ ಬಂದು ಕೂರುತ್ತದೆ. ಉಪಪ್ರಶ್ನೆ ಅಲ್ಲಿಗೇ ಸತ್ತಿತು. ಅಧಿಕಾರದಲ್ಲಿದ್ದವರು ಒಂದು ಮಾತೂ ಆಡದೆ ಪಾರಾದರು. ಇನ್ನು 2001ರಲ್ಲಿ ಸೇರಿಸಿದ 374ಎ ನಿಯಮದ ಪ್ರಕಾರ, ಸದನದ ಬಾವಿಗಿಳಿದು ಕಲಾಪ ಕೆಡಿಸಿದ ಸದಸ್ಯನ ಹೆಸರನ್ನು ಸಭಾಧ್ಯಕ್ಷರು ಕರೆದರೆ ಸಾಕು, ಐದು ದಿನದ ಕಲಾಪದಿಂದ ಅವನು ತಾನಾಗಿಯೇ ಹೊರಗೆ. ಆ ಐದು ದಿನ ಅವನನ್ನು ಆರಿಸಿದ ಊರಿಗೆಲ್ಲ ಬಾಯಿಲ್ಲ.

ಹಾಗಾಗಿ ನೀನು ಪ್ರಶ್ನೆ ಬರೆಯುವುದನ್ನು ಕಲಿ. ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ಅದರಲ್ಲಿ ವಾದ, ಆರೋಪ, ವ್ಯಂಗ್ಯ ಇರಬಾರದು. 15 ದಿನ ಮೊದಲು ಸೂಚನೆ ಕೊಡಬೇಕು. ನಮ್ಮೂರು ಇಳಕಲ್ಲಿನ ಕೈಮಗ್ಗದ ವಿಷಯವನ್ನೇ ತಗೋ. 1985ರಲ್ಲಿ ಸಂಸತ್ತು ಕೈಮಗ್ಗ ಮೀಸಲಾತಿ ಕಾಯ್ದೆ ಮಾಡಿತು. ಮೊದಲು 22 ಬಗೆಯ ಬಟ್ಟೆ ಕೈಮಗ್ಗಕ್ಕೆ ಮೀಸಲಿದ್ದವು, ಈಗ 11 ಉಳಿದಿವೆ, ಅದರಲ್ಲಿ ಕೆಲವು ಬಗೆಯ ಸೀರೆಗಳೂ ಇವೆ. (ಪವರ್‌ಲೂಮ್ ನಂಬಿ ಉಣ್ಣುವ ಮನೆಗಳೂ ನಮ್ಮಲ್ಲಿವೆ, ಅವರ ಮೇಲೆ ನನಗೆ ಸಿಟ್ಟಿಲ್ಲ, ಕಾಯ್ದೆ ಇದೆಯೆಂದಮೇಲೆ ಅದರ ಲೆಕ್ಕ ಬೇಕು, ಅಷ್ಟೇ.) “ಇಳಕಲ್ ಕೈಮಗ್ಗದವರನ್ನು ಸರ್ಕಾರ ಯಾಕೆ ಕೊಲ್ಲುತ್ತಿದೆ?” ಎಂದು ಬರೆದರೆ ಆ ಸೂಚನೆ ಒಳಗೇ ಬರುವುದಿಲ್ಲ. ಹೀಗೆ ಬರೆ:

“ಜವಳಿ ಮಂತ್ರಿಯವರು ತಿಳಿಸುವರೇ: (ಎ) 1985ರ ಕಾಯ್ದೆಯಡಿ ಮೀಸಲಾದ ಸೀರೆಗಳನ್ನು ಪವರ್‌ಲೂಮಿನಲ್ಲಿ ನೇಯ್ದ ಬಗ್ಗೆ ಕಳೆದ ಮೂರು ವರ್ಷಗಳಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆಸಿದ ತಪಾಸಣೆಗಳೆಷ್ಟು, (ಬಿ) ದಾಖಲಾದ ಪ್ರಕರಣಗಳೆಷ್ಟು, (ಸಿ) ಶಿಕ್ಷೆಯಾದದ್ದು ಎಷ್ಟರಲ್ಲಿ?”

ಇಲ್ಲಿ ಸಿಟ್ಟಿನ ಒಂದು ಮಾತೂ ಇಲ್ಲ, ನೋಡು. ಆದರೆ ಉತ್ತರ ಸೊನ್ನೆ ಎಂದು ಬಂದರೆ ಆ ಸೊನ್ನೆ ಸದನದ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಉಪಪ್ರಶ್ನೆಗೆ ನಿನ್ನ ಕೈಗೆ ಸಿಗುತ್ತದೆ. “ಪರಿಶೀಲಿಸುತ್ತೇವೆ” ಎಂದು ಮಂತ್ರಿ ಜಾರಿಕೊಳ್ಳುವಂತೆಯೂ ಇಲ್ಲ. ಅಂಥ ಮಾತುಗಳನ್ನೆಲ್ಲ ಹೆಕ್ಕಿ, ಮೂರು ತಿಂಗಳಲ್ಲಿ ನಡೆಸಿಕೊಟ್ಟರೋ ಇಲ್ಲವೋ ಎಂದು ಬೆನ್ನು ಹತ್ತುವುದಕ್ಕೇ ಭರವಸೆಗಳ ಸಮಿತಿಯಿದೆ, 1953ರಿಂದ.

ಇಂಗ್ಲಿಷ್ ಬಾರದು, ಹಿಂದಿ ಬಾರದು ಎಂದು ಹಿಂಜರಿಯಬೇಡ. ಸಂವಿಧಾನದ 120ನೇ ವಿಧಿ ತಾಯ್ನುಡಿಗೆ ಬಾಗಿಲು ಇಟ್ಟಿದೆ. 1967ರಲ್ಲಿ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಎಲ್ಲರೂ ಅವರ ಧೈರ್ಯವನ್ನು ಹೊಗಳುತ್ತಾರೆ. ಹೊಗಳಬೇಕಾದದ್ದೇ, ಆದರೆ ಅವರ ಬೆನ್ನಿಗೆ ಒಂದು ವಿಧಿಯಿತ್ತು ಅನ್ನುವುದನ್ನೂ ಮರೆಯಬೇಡ.

ಸದನ ನಡೆಸುವುದು ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಹುನಗುಂದ ಕ್ಷೇತ್ರ ಆರಿಸಿ ಕಳಿಸಿದ ಎಸ್.ಆರ್. ಕಂಠಿಯವರು 1956ರ ಡಿಸೆಂಬರಿನಿಂದ 1962ರವರೆಗೆ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. ಏಕೀಕರಣವಾದ ಹೊಸತು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೆ ಮೈಸೂರು, ಬೇರೆಬೇರೆ ರೂಢಿಯ ಶಾಸಕರನ್ನು ಒಂದೇ ನಿಯಮಕ್ಕೆ ಒಗ್ಗಿಸಬೇಕಿದ್ದ ಕಾಲ. ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು ಜಮಖಂಡಿ ಪುರಸಭೆಯಿಂದ ಮೇಲೆ ಬಂದವರು. 1974ರಿಂದ 1979ರವರೆಗೆ ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಪೀಠದಲ್ಲಿ ಕೂತರು. ಪುರಸಭೆಯ ಸಭೆಯಲ್ಲಿ ಠರಾವು ಬರೆಯುವುದನ್ನು ಹಗುರವಾಗಿ ಕಾಣಬೇಡ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಹಾದಿಯಿದೆ, ಇದನ್ನು ಹೇಳುವವರು ಕಡಿಮೆ. ಸಂಸದರಲ್ಲದ ನಾವೂ ಲೋಕಸಭೆಗೆ ಅರ್ಜಿ ಕೊಡಬಹುದು. ಸಾರ್ವಜನಿಕ ವಿಷಯವಾಗಿರಬೇಕು, ಭಾಷೆ ಮರ್ಯಾದೆಯದಾಗಿರಬೇಕು, ಸದನದಲ್ಲಿ ಮಂಡಿಸುವ ಸಂಸದರ ಮೇಲುರುಜು ಬೇಕು. ಕನ್ನಡದಲ್ಲಿ ಬರೆದರೆ ಹಿಂದಿ ಇಲ್ಲವೇ ಇಂಗ್ಲಿಷ್ ಅನುವಾದ ಜೊತೆಗಿಟ್ಟು ಸಹಿ ಹಾಕಬೇಕು. ಅರ್ಜಿದಾರರ ಪೂರ್ತಿ ಹೆಸರು, ವಿಳಾಸ ಇರಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತಿದರೂ ನಿಯಮಕ್ಕೆ ಅದು ಸಹಿಯೇ. ನಿಮ್ಮ ಓಣಿಯಲ್ಲಿ ಮಗ್ಗದ ಮುಂದೆ ಕೂತು ವಯಸ್ಸಾದ ಅಜ್ಜಿಯ ಹೆಬ್ಬೆಟ್ಟಿಗೂ ದಿಲ್ಲಿಯ ಅರ್ಜಿಗಳ ಸಮಿತಿಯ ಮುಂದೆ ಬೆಲೆಯಿದೆ.

ಯುವ ಸಂಸತ್ತಿನಲ್ಲಿ ನಿನಗೆ ಬಹುಮಾನ ಬರಲಿ, ಬಿಡಲಿ. ಆ ಪ್ರಶ್ನೆಯನ್ನು ತಿದ್ದಿ, ಈ ವಾರದಲ್ಲೇ ನಮ್ಮ ಸಂಸದರ ಕಚೇರಿಗೆ ಮುಟ್ಟಿಸು. ಅಧಿವೇಶನ ಶುರುವಾದ ಮೇಲೆ ಓಡಾಡಿದರೆ ಆ 15 ದಿನ ಸಿಗುವುದಿಲ್ಲ.