‘ಕನ್‌ಸೆಕ್ಯುಟಿವ್‌ಲಿ’: ಒಂದು ಪದದ ಅರ್ಥವಿಚಾರ

ಅನುರಣನ ನಳಿಕೆಯ ಬಾಯಿಯ ಬಳಿ ಸೆಕೆಂಡಿಗೆ 512 ಸಲ ಕಂಪಿಸುವ ಶ್ರುತಿಕವೆಯನ್ನು ಹಿಡಿದು ವಿದ್ಯಾರ್ಥಿಯೊಬ್ಬನು ಶಬ್ದದ ವೇಗವನ್ನು ಅಳೆಯುತ್ತಾನೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಉತ್ತರ ಸೆಕೆಂಡಿಗೆ 692 ಮೀಟರು; ನಿಜವಾದ ವೇಗದ ಎರಡರಷ್ಟು! ಇದಕ್ಕೆ ಕಾರಣ ಒಂದು ಇಂಗ್ಲಿಷ್ ಪದದ ಕಡೆಗಣನೆ.

‘ಕನ್‌ಸೆಕ್ಯುಟಿವ್‌ಲಿ’ ಎಂಬ ಕ್ರಿಯಾವಿಶೇಷಣದ ಮೂಲ, ‘ಹಿಂಬಾಲಿಸು’ ಎಂಬ ಅರ್ಥದ ಲ್ಯಾಟಿನ್ ಧಾತು. ‘ಒಂದರ ಬೆನ್ನಿಗೆ ಮತ್ತೊಂದು, ನಡುವೆ ಯಾವುದೂ ಬಿಟ್ಟುಹೋಗದಂತೆ’ ಎಂಬುದು ಇದರ ಭಾವ. ಇದನ್ನು ಎರಡು ನೆರೆಯ ಪದಗಳಿಂದ ಬೇರ್ಪಡಿಸಿ ನೋಡಬೇಕು.

ಮೊದಲನೆಯದು ‘ಕಂಟಿನ್ಯುಅಸ್‌ಲಿ’, ಎಂದರೆ ಎಡೆಬಿಡದೆ. ಸೋಮವಾರ, ಮಂಗಳವಾರ, ಬುಧವಾರ ಸಂಜೆ ಒಂದೊಂದು ಗಂಟೆ ಮಳೆ ಸುರಿದರೆ, ಅದು ಅನುಕ್ರಮವಾಗಿ ಮೂರು ದಿನ ಬಂದ ಮಳೆ. ಎಡೆಬಿಡದೆ ಸುರಿದ ಮಳೆಯಲ್ಲ. ಎರಡು ಅನುಕ್ರಮ ಹುಣ್ಣಿಮೆಗಳ ನಡುವೆ ಸುಮಾರು 29.5 ದಿನಗಳ ಅಂತರವಿದೆ. ಆದರೂ ನಡುವೆ ಬೇರೆ ಹುಣ್ಣಿಮೆಯಿಲ್ಲ. ಕಾಲದ ಅಂತರವಲ್ಲ, ಸಾಲಿನ ಅಂತರವೇ ಇಲ್ಲಿ ಮುಖ್ಯ.

ಎರಡನೆಯದು ‘ಸಕ್ಸೆಸಿವ್‌ಲಿ’, ಎಂದರೆ ಒಂದಾದ ಮೇಲೊಂದು. ಈ ಎರಡು ಪದಗಳನ್ನು ಅನೇಕ ವೇಳೆ ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೂ ನಡುವೆ ಲೋಪವಿಲ್ಲವೆಂದು ಒತ್ತಿ ಹೇಳುವುದು ‘ಕನ್‌ಸೆಕ್ಯುಟಿವ್‌ಲಿ’ ಮಾತ್ರ. 3, 4, 5 ಅನುಕ್ರಮ ಪೂರ್ಣಾಂಕಗಳು. 3, 5, 7 ಹಾಗಲ್ಲ. ಆದರೆ ಬೆಸಸಂಖ್ಯೆಗಳ ಸಾಲಿನಲ್ಲಿ 3, 5, 7 ಕೂಡ ಅನುಕ್ರಮವೇ! ಆದುದರಿಂದ ಈ ಪದವನ್ನು ಕಂಡೊಡನೆ ‘ಯಾವ ಸಾಲಿನಲ್ಲಿ?’ ಎಂದು ಕೇಳಿಕೊಳ್ಳಬೇಕು.

ಭೌತಶಾಸ್ತ್ರದ ಎಷ್ಟೋ ವ್ಯಾಖ್ಯೆಗಳು ಈ ಪದವನ್ನೇ ಆಶ್ರಯಿಸಿವೆ. ಎರಡು ಅನುಕ್ರಮ ಉಬ್ಬುಗಳ ನಡುವಣ ದೂರವೇ ತರಂಗದ ಅಲೆಯುದ್ದ. ‘ಅನುಕ್ರಮ’ ಎಂಬುದನ್ನು ತೆಗೆದುಬಿಟ್ಟರೆ ಯಾವ ಎರಡು ಉಬ್ಬುಗಳನ್ನಾದರೂ ಆರಿಸಿಕೊಳ್ಳಬಹುದು. ವ್ಯಾಖ್ಯೆಗೆ ಅರ್ಥವೇ ಉಳಿಯದು.

ಈಗ ನಮ್ಮ ವಿದ್ಯಾರ್ಥಿಯ ಬಳಿಗೆ ಬರೋಣ. ಎರಡು ಅನುಕ್ರಮ ಅನುರಣನಗಳಲ್ಲಿ ಗಾಳಿಯ ಕಂಬದ ಉದ್ದಗಳಿಗಿರುವ ವ್ಯತ್ಯಾಸವು ಅಲೆಯುದ್ದದ ಅರ್ಧ. ಅವನಿಗೆ 16.0 ಮತ್ತು 83.6 ಸೆಂಟಿಮೀಟರುಗಳಲ್ಲಿ ನಾದ ತುಂಬಿ ಕೇಳಿಸಿತು. ವ್ಯತ್ಯಾಸವಾದ 67.6ನ್ನೇ ಅರ್ಧ ಅಲೆಯುದ್ದವೆಂದು ಭಾವಿಸಿದನು. ನಡುವೆ 49.8ರಲ್ಲಿ ಮೊಳಗಿದ ಅನುರಣನವನ್ನು, ನೀರಿನ ಮಟ್ಟವನ್ನು ಅವಸರದಿಂದ ಇಳಿಸುವಾಗ ಗಮನಿಸಲೇ ಇಲ್ಲ. ಅದನ್ನು ಸೇರಿಸಿಕೊಂಡರೆ ವ್ಯತ್ಯಾಸ 33.8, ವೇಗ ಸೆಕೆಂಡಿಗೆ ಸುಮಾರು 346 ಮೀಟರು.

ಭಾಷೆಯ ಸೂಕ್ಷ್ಮವು ಭಾಷೆಯ ತರಗತಿಗೆ ಮಾತ್ರ ಸೇರಿದುದೆಂದು ಭಾವಿಸಬಾರದು. ಪದವನ್ನು ಸರಿಯಾಗಿ ಓದುವುದೂ ಅಳತೆಯ ಒಂದು ಭಾಗವೇ.