ಬಚ್ಚಿಟ್ಟ ಡಬ್ಬಿಯೂ ಕೈಯೊಳಗಿನ ನಕ್ಷೆಯೂ

ದಿನವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ನಮ್ಮಂಥವರಿಗೆ ವೈದ್ಯರು ನಡೆಯಿರೆನ್ನುತ್ತಾರೆ. ನಡೆಯಲು ನೆಪವೊಂದು ಬೇಕಷ್ಟೆ. ಅಂಥದೊಂದು ನೆಪವೇ ಜಿಯೋಕ್ಯಾಚಿಂಗ್. ಒಬ್ಬರು ಡಬ್ಬಿಯೊಂದನ್ನು ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಹುಡುಕಿ, ಒಳಗಿನ ಪುಸ್ತಿಕೆಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ.

ಜಿಪಿಎಸ್ ಸಂಕೇತಗಳಲ್ಲಿ ತಾನೇ ಬೇಕೆಂದು ಬೆರೆಸಿದ್ದ ದೋಷವನ್ನು ಅಮೆರಿಕ ಸರ್ಕಾರವು 2000ದ ಮೇ ಆರಂಭದಲ್ಲಿ ತೆಗೆದುಹಾಕಿತು. ಮೇ 3ರಂದೇ ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದಲ್ಲಿ ಮೊದಲ ಬಕೆಟ್ಟನ್ನು ಹುದುಗಿಸಿಟ್ಟರು. ಅದರ ಅಕ್ಷಾಂಶ ಉತ್ತರ 45 ಡಿಗ್ರಿ 17.460 ನಿಮಿಷ.

ಹೊಸಬರು ಎಡವುವುದು ಇಲ್ಲಿಯೇ. 17.460 ಎಂದರೆ 17 ನಿಮಿಷ 46 ಸೆಕೆಂಡು ಅಲ್ಲ. ನಿಮಿಷಕ್ಕೆ 60 ಸೆಕೆಂಡುಗಳಾದ್ದರಿಂದ 17 ನಿಮಿಷ 27.6 ಸೆಕೆಂಡು. ಅಕ್ಷಾಂಶದ ಒಂದು ಸೆಕೆಂಡು ಸುಮಾರು 31 ಮೀಟರು. ತಪ್ಪಾಗಿ ಓದಿದವರು ಅರ್ಧ ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿ ಪೊದೆ ಕೆದಕುತ್ತಿರುತ್ತಾರೆ! ಲೆಡ್ಜರಿನ ತಪ್ಪನ್ನು ಸಂಜೆ ತಾಳೆ ನೋಡಿ ತಿದ್ದಬಹುದು. ಇದನ್ನು ಕಾಲುಗಳೇ ತೆರಬೇಕು.

ಆಂಡ್ರಾಯ್ಡ್ ಮೊಬೈಲಿಗೆ ಸಿ:ಜಿಯೋ ಎಂಬ ಉಚಿತ ತಂತ್ರಾಂಶವುಂಟು. ಉಪಗ್ರಹದ ಸಂಕೇತಕ್ಕೆ ಇಂಟರ್‌ನೆಟ್ ಬೇಕಿಲ್ಲ, ನಕ್ಷೆಗೆ ಬೇಕು. ಆದುದರಿಂದ ಡಬ್ಬಿಗಳ ವಿವರವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನೂ ಮನೆಯಲ್ಲಿಯೇ ಇಳಿಸಿಕೊಂಡು ಹೊರಡತಕ್ಕದ್ದು. ದಿಕ್ಸೂಚಿಯ ಬಾಣವು ನೇರ ಗೆರೆಯನ್ನು ತೋರುತ್ತದೆಯೇ ಹೊರತು ನಡುವಣ ಹಳ್ಳವನ್ನಲ್ಲ. ಕಾಲುದಾರಿಯನ್ನು ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಮರಗಳ ದಟ್ಟಣೆಯಲ್ಲಿ ಸಂಕೇತವು ಹಲವು ಮೀಟರು ತಪ್ಪುವುದುಂಟು. ಸಮೀಪಿಸಿದ ಮೇಲೆ ಮೊಬೈಲನ್ನು ಕಿಸೆಗಿಳಿಸಿ, ಬೇರಿನ ಸಂದಿ, ಕಲ್ಲಿನ ಮರೆಗಳನ್ನು ಕಣ್ಣಿನಿಂದಲೇ ಹುಡುಕಬೇಕು. ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿರಿ.